ನೀರಿನಲ್ಲಿ ಕರಗದ ಔಷಧ ಮೈಗೆ ಹತ್ತಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ, ಔಷಧ ಅಂಗಡಿಯ ಮುಂದೆ ನಿಂತವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ಈ ಮಾತ್ರೆ ಊಟಕ್ಕೆ ಮೊದಲೋ, ಊಟವಾದ ಮೇಲೋ? ಬಹಳಷ್ಟು ಔಷಧಗಳ ಮಟ್ಟಿಗೆ ಇದು ಹೊಟ್ಟೆ ಉರಿಯದಂತೆ ನೋಡಿಕೊಳ್ಳುವ ಮಾತಷ್ಟೇ. ಆದರೆ ನೀರಿನಲ್ಲಿ ಸುಲಭವಾಗಿ ಕರಗದ ದೊಡ್ಡದೊಂದು ಗುಂಪಿನ ಔಷಧಗಳ ವಿಷಯದಲ್ಲಿ, ನುಂಗಿದ್ದರಲ್ಲಿ ಎಷ್ಟು ರಕ್ತಕ್ಕೆ ಸೇರುತ್ತದೆ, ಎಷ್ಟು ಮಲದ ಜೊತೆ ಹೊರಗೆ ಹೋಗುತ್ತದೆ ಎಂಬುದನ್ನೇ ಈ ಪ್ರಶ್ನೆಯ ಉತ್ತರ ನಿರ್ಧರಿಸುತ್ತದೆ. ಇಂಥ ಔಷಧಗಳನ್ನು ಕರಗುವಂತೆ ಮಾಡಲು ಕಾರ್ಖಾನೆಯಲ್ಲಿ ಪಡುವ ಶ್ರಮ ದೊಡ್ಡದು. ಆ ಶ್ರಮ ನಮ್ಮ ಮನೆಯ ಕಪಾಟಿನಲ್ಲಿ, ಊಟದ ಬಟ್ಟಲಿನ ಪಕ್ಕದಲ್ಲಿ ವ್ಯರ್ಥವಾಗಬಾರದು ಎಂಬ ಕಾಳಜಿಯಿಂದ, ಫಾರ್ಮಾಸಿಸ್ಟ್ ಆಗಿ ಕೌಂಟರಿನ ಈಚೆಯಿಂದ ಕೇಳಿಸಿಕೊಂಡ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಇದನ್ನು ಓದಿ ವೈದ್ಯರು ಬರೆದುಕೊಟ್ಟ ಔಷಧವನ್ನಾಗಲಿ, ಅದರ ಪ್ರಮಾಣವನ್ನಾಗಲಿ ಯಾರೂ ತಾವಾಗಿಯೇ ಬದಲಿಸಬಾರದು.

ಮಾತ್ರೆಯನ್ನು ನೀರಿಗೆ ಹಾಕಿದರೆ ಒಡೆದುಹೋಗುತ್ತದೆ. ಹಾಗಿದ್ದ ಮೇಲೆ ಅದು ಕರಗುವುದಿಲ್ಲ ಎನ್ನುವುದೇಕೆ?

ಒಡೆಯುವುದು ಬೇರೆ, ಕರಗುವುದು ಬೇರೆ. ಹೊಟ್ಟೆಗೆ ಹೋದ ಮಾತ್ರೆ ಕೆಲವೇ ನಿಮಿಷಗಳಲ್ಲಿ ಒಡೆದು ಪುಡಿಯಾಗುತ್ತದೆ. ಆದರೆ ಆ ಪುಡಿಯ ಒಂದೊಂದು ಕಣವೂ ಅಣು ಅಣುವಾಗಿ ಬಿಡಿಸಿಕೊಂಡು ಕರುಳಿನ ದ್ರವದಲ್ಲಿ ಬೆರೆತ ಮೇಲೆಯೇ ಔಷಧ ಕರುಳಿನ ಗೋಡೆಯನ್ನು ದಾಟಿ ರಕ್ತ ಸೇರಲು ಸಾಧ್ಯ. ಸಣ್ಣ ಕರುಳಿನಲ್ಲಿ ಅದಕ್ಕೆ ಸಿಗುವ ಅವಕಾಶ ಸಾಮಾನ್ಯವಾಗಿ ಮೂರರಿಂದ ನಾಲ್ಕು ಗಂಟೆ. ಅಷ್ಟರೊಳಗೆ ಕರಗದೆ ಉಳಿದ ಕಣಗಳಲ್ಲಿ ಹೆಚ್ಚಿನವು ಬಂದ ಹಾಗೆಯೇ ಮುಂದೆ ಸಾಗಿಬಿಡುತ್ತವೆ.

ಯಾವುದನ್ನು ಚೆನ್ನಾಗಿ ಕರಗುವ ಔಷಧ ಎನ್ನಬೇಕು ಎಂಬುದಕ್ಕೆ ಒಂದು ಅಳತೆಯಿದೆ. 1995ರಲ್ಲಿ ಗಾರ್ಡನ್ ಅಮಿಡಾನ್ ಮತ್ತು ಸಂಗಡಿಗರು ಔಷಧಗಳನ್ನು, ಅವು ಎಷ್ಟು ಕರಗುತ್ತವೆ ಮತ್ತು ಕರುಳಿನ ಗೋಡೆಯನ್ನು ಎಷ್ಟು ಸುಲಭವಾಗಿ ದಾಟುತ್ತವೆ ಎಂಬ ಎರಡು ಗುಣಗಳ ಆಧಾರದ ಮೇಲೆ ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಒಂದು ಔಷಧದ ಅತಿ ಹೆಚ್ಚಿನ ಡೋಸ್, ಜಠರದ ಹುಳಿಯಿಂದ ಹಿಡಿದು ಕರುಳಿನ ತಟಸ್ಥ ಸ್ಥಿತಿಯವರೆಗಿನ ಯಾವುದೇ ಪಿಎಚ್‌ನಲ್ಲಿ (ಹುಳಿ-ಕ್ಷಾರದ ಅಳತೆ) 250 ಮಿ.ಲೀ. ದ್ರವದಲ್ಲಿ ಪೂರ್ತಿಯಾಗಿ ಕರಗಿದರೆ ಅದು ಚೆನ್ನಾಗಿ ಕರಗುವ ಔಷಧ. ಎರಡನೆಯ ವರ್ಗದ ಔಷಧಗಳು ಕರುಳಿನ ಗೋಡೆಯನ್ನು ಸಲೀಸಾಗಿ ದಾಟುತ್ತವೆ, ಆದರೆ ಕರಗುವುದೇ ಕಷ್ಟ. ನಾಲ್ಕನೆಯ ವರ್ಗಕ್ಕೆ ಎರಡೂ ಕಷ್ಟ. ಈ ಬರಹ ಮುಖ್ಯವಾಗಿ ಎರಡನೆಯ ವರ್ಗವನ್ನು ಕುರಿತದ್ದು, ಏಕೆಂದರೆ ಅಲ್ಲಿ ಕರಗಿಸುವ ಒಂದು ತೊಡಕನ್ನು ಬಿಡಿಸಿದರೆ ಉಳಿದ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ ಯಾವ ಔಷಧಗಳು ಈ ಗುಂಪಿಗೆ ಸೇರುತ್ತವೆ?

ಎಣಿಸಲು ಹೊರಟರೆ ಪಟ್ಟಿ ಉದ್ದವಾಗುತ್ತದೆ. ನೋವಿಗೆ ಕೊಡುವ ಐಬುಪ್ರೊಫೆನ್, ರಕ್ತದೊತ್ತಡಕ್ಕೆ ಕೊಡುವ ಟೆಲ್ಮಿಸಾರ್ಟನ್, ಕೊಬ್ಬಿನಂಶ ಇಳಿಸುವ ಅಟೋರ್ವಾಸ್ಟಾಟಿನ್ ಮತ್ತು ಫೆನೊಫೈಬ್ರೇಟ್, ಮೂರ್ಛೆರೋಗಕ್ಕೆ ಕೊಡುವ ಫೆನಿಟೊಯಿನ್ ಮತ್ತು ಕಾರ್ಬಮಜೆಪಿನ್, ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್ ಮತ್ತು ಗ್ರೈಸಿಯೊಫುಲ್ವಿನ್, ಹೊಟ್ಟೆಹುಳುವಿಗೆ ಕೊಡುವ ಆಲ್ಬೆಂಡಜೋಲ್, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ತೆಗೆದುಕೊಳ್ಳುವ ಸೈಕ್ಲೊಸ್ಪೊರಿನ್, ವಾರಕ್ಕೊಮ್ಮೆ ನುಂಗುವ 60,000 ಯೂನಿಟ್ಟಿನ ವಿಟಮಿನ್ ಡಿ, ಇವೆಲ್ಲ ನೀರಿಗೆ ಒಲಿಯದವುಗಳೇ.

ಕರಗುವುದು ಕಡಿಮೆಯಾದರೆ ಡೋಸನ್ನೇ ಹೆಚ್ಚಿಸಿದರೆ ಸಾಲದೇ?

ಸಾಲದು. ಕರುಳಿನ ದ್ರವ ಹಿಡಿಯುವಷ್ಟನ್ನು ಹಿಡಿದ ಮೇಲೆ ಉಳಿದದ್ದು ಕರಗದ ಕಣವಾಗಿಯೇ ಇರುತ್ತದೆ, ಆದ್ದರಿಂದ ಡೋಸ್ ಎರಡರಷ್ಟಾದರೆ ರಕ್ತದಲ್ಲಿನ ಮಟ್ಟವೂ ಎರಡರಷ್ಟಾಗುತ್ತದೆ ಎನ್ನುವ ಹಾಗಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಅನಿಶ್ಚಿತತೆಯದು. ಒಂದು ದಿನ ಅರ್ಧದಷ್ಟು ಹೀರಿಕೊಂಡ ಔಷಧ, ಇನ್ನೊಂದು ದಿನ ಭರ್ಜರಿ ಊಟವಾದ ಮೇಲೆ ಪೂರ್ತಿ ಹೀರಿಕೊಂಡರೆ, ಫೆನಿಟೊಯಿನ್‌ನಂಥ ಸೂಕ್ಷ್ಮ ಔಷಧ ವಿಷವಾಗಿ ಪರಿಣಮಿಸಬಹುದು.

ಹಾಗಾದರೆ ತಯಾರಕರು ಕರಗಿಸಲು ಏನು ಮಾಡುತ್ತಾರೆ?

ಎಲ್ಲಕ್ಕಿಂತ ಹಳೆಯ ಉಪಾಯವೆಂದರೆ ಕಣವನ್ನು ಸಣ್ಣದು ಮಾಡುವುದು. 1897ರಲ್ಲಿ ಆರ್ಥರ್ ನಾಯ್ಸ್ ಮತ್ತು ವಿಲ್ಲಿಸ್ ವಿಟ್ನಿ, ಘನವಸ್ತು ಕರಗುವ ವೇಗವು ಅದರ ಸುತ್ತಲಿನ ದ್ರವ ಇನ್ನೂ ಎಷ್ಟನ್ನು ಹಿಡಿಯಬಲ್ಲದು ಎಂಬುದನ್ನು ಅನುಸರಿಸುತ್ತದೆ ಎಂದು ತೋರಿಸಿದರು. ಅದೇ ಸಮೀಕರಣಕ್ಕೆ ಮುಂದೆ ಸೇರಿದ ಅಂಶವೆಂದರೆ ದ್ರವಕ್ಕೆ ತಾಗುವ ಮೇಲ್ಮೈಯ ವಿಸ್ತಾರ. ಇದರ ಲೆಕ್ಕ ನೋಡಿದರೆ ಬೆರಗಾಗುತ್ತದೆ. ಎಲ್ಲ ಬದಿಯೂ ಒಂದು ಸೆಂಟಿಮೀಟರ್ ಇರುವ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಬದಿಯ ಘನಗಳಾಗಿ ಒಡೆದರೆ ಒಟ್ಟು ಮೇಲ್ಮೈ 6 ಚದರ ಮೀಟರ್, ಎಂದರೆ ಒಂದು ಸಣ್ಣ ಕೋಣೆಯ ನೆಲದಷ್ಟು. ಮೈಕ್ರಾನಿನ ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ 60 ಚದರ ಮೀಟರ್.

ಇದರ ಫಲ ಮಾತ್ರೆಯ ಮೇಲಿನ ಅಂಕಿಯಲ್ಲೇ ಕಾಣುತ್ತದೆ. ಫೆನೊಫೈಬ್ರೇಟ್ ಮೊದಲು 300 ಮಿ.ಗ್ರಾಂ. ಕ್ಯಾಪ್ಸೂಲಾಗಿತ್ತು. ನುಣ್ಣಗೆ ಅರೆದಾಗ 200 ಸಾಕಾಯಿತು, ಆಮೇಲೆ 160, ನ್ಯಾನೊ ಗಾತ್ರದ ಹರಳಿಗೆ ಇಳಿಸಿದಾಗ 145. ಈ ಕೊನೆಯ ರೂಪವನ್ನು ಊಟದ ಹಂಗಿಲ್ಲದೆ ತೆಗೆದುಕೊಳ್ಳಬಹುದು. ಕಸಿಯ ನಂತರ ಕೊಡುವ ಸಿರೊಲಿಮಸ್ ಮಾತ್ರೆ 2000ದಲ್ಲಿಯೂ, ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಕೊಡುವ ಅಪ್ರೆಪಿಟಂಟ್ 2003ರಲ್ಲಿಯೂ ಇದೇ ತಂತ್ರದಿಂದ ಬಂದವು. ಆದರೆ ಅರೆದಷ್ಟೂ ಒಳ್ಳೆಯದು ಎನ್ನಲಾಗದು. ಅತಿ ನುಣ್ಣನೆಯ ಪುಡಿ ತನ್ನಲ್ಲೇ ಅಂಟಿಕೊಂಡು ಗಂಟಾಗುತ್ತದೆ, ನೀರು ಅದರೊಳಗೆ ಇಳಿಯುವುದೇ ಇಲ್ಲ. ಅದಕ್ಕಾಗಿ ಪಾಲಿಸಾರ್ಬೇಟ್, ಪಾಲಾಕ್ಸಮರ್, ಸೋಡಿಯಂ ಲಾರಿಲ್ ಸಲ್ಫೇಟ್‌ನಂಥ, ಕಣವನ್ನು ನೆನೆಸಿ ಬಿಡಿಬಿಡಿಯಾಗಿ ಇಡುವ ವಸ್ತುಗಳನ್ನು ಸೇರಿಸಬೇಕಾಗುತ್ತದೆ.

ಎರಡನೆಯ ಉಪಾಯ, ಔಷಧವನ್ನು ಲವಣರೂಪಕ್ಕೆ ತರುವುದು ಅಥವಾ ಅದರ ಸುತ್ತಲಿನ ಪಿಎಚ್ ಬದಲಿಸುವುದು. ಡೈಕ್ಲೊಫಿನಾಕ್ ತಾನಾಗಿ ನೀರಿಗೆ ಇಳಿಯದು, ಅದರ ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳು ಇಳಿಯುತ್ತವೆ. ಟೆಲ್ಮಿಸಾರ್ಟನ್ ಮಾತ್ರೆಯೊಳಗೆ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಮೆಗ್ಲುಮಿನ್ ಎಂಬ ಕ್ಷಾರಗಳಿರುತ್ತವೆ, ಏಕೆಂದರೆ ಪಿಎಚ್ 3ರಿಂದ 9ರವರೆಗೆ ಆ ಔಷಧ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಈ ಮಾತನ್ನು ಓದುಗರು ನೆನಪಿಡಬೇಕು, ಮಳೆಗಾಲದ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಸೈಕ್ಲೊಡೆಕ್ಸ್ಟ್ರಿನ್ ಎಂಬ, ಗ್ಲುಕೋಸ್ ಘಟಕಗಳಿಂದಾದ ಬಳೆಯಾಕಾರದ ಅಣುವಿನೊಳಗೆ ಔಷಧವನ್ನು ಕೂರಿಸುವುದು ಇನ್ನೊಂದು ದಾರಿ. ಆ ಬಳೆಯ ಹೊರಮೈ ನೀರಿಗೆ ಒಗ್ಗುತ್ತದೆ, ಒಳಗಿನ ಪೊಳ್ಳು ಎಣ್ಣೆಯ ಗುಣದ ಔಷಧಕ್ಕೆ ಒಗ್ಗುತ್ತದೆ. ಇಟ್ರಾಕೊನಜೋಲ್‌ನ ಕುಡಿಯುವ ದ್ರಾವಣ ತಯಾರಾಗುವುದು ಹೀಗೆಯೇ.

ಹರಳಿಲ್ಲದ ರೂಪ ಎಂದರೇನು? ಅದು ಬೇಗ ಕರಗುವುದೇಕೆ?

ಹರಳಿನಲ್ಲಿ ಅಣುಗಳು ಒಂದಕ್ಕೊಂದು ಬಿಗಿಯಾಗಿ, ಕ್ರಮವಾಗಿ ಕೂತಿರುತ್ತವೆ. ಆ ಬಿಗಿಯನ್ನು ಬಿಡಿಸಲು ನೀರಿಗೆ ಶಕ್ತಿ ಬೇಕು. ಕ್ರಮವನ್ನೇ ಕೆಡಿಸಿ, ಅಣುಗಳನ್ನು ಗಾಜಿನಲ್ಲಿರುವಂತೆ ಅಡ್ಡಾದಿಡ್ಡಿಯಾಗಿ ನಿಲ್ಲಿಸಿದರೆ ಅವು ಸುಲಭವಾಗಿ ಬಿಟ್ಟುಕೊಡುತ್ತವೆ, ಅಷ್ಟೇ ಅಲ್ಲ, ಹರಳು ಕರಗಬಲ್ಲ ಮಿತಿಗಿಂತ ಹೆಚ್ಚು ಔಷಧ ಸ್ವಲ್ಪ ಹೊತ್ತು ದ್ರವದಲ್ಲಿ ನಿಲ್ಲುತ್ತದೆ. ಆದರೆ ಆ ಸ್ಥಿತಿ ಶಾಶ್ವತವಲ್ಲ. ಶಿರಸಿ ಸೀಮೆಯ ಮನೆಗಳಲ್ಲಿ ಜೋನಿಬೆಲ್ಲವನ್ನು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟಾಗ ತಳದಲ್ಲಿ ಸಕ್ಕರೆಯ ಹರಳು ಕೂಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒತ್ತಾಯದಿಂದ ಕರಗಿ ನಿಂತದ್ದು ಅವಕಾಶ ಸಿಕ್ಕೊಡನೆ ಹರಳಿಗೆ ಮರಳುತ್ತದೆ. ಅದನ್ನು ತಡೆಯಲು ಔಷಧದ ಅಣುಗಳನ್ನು ಪಾಲಿಮರ್ (ಸರಪಳಿಯಂಥ ಉದ್ದ ಅಣುಗಳ ವಸ್ತು) ಒಂದರೊಳಗೆ ಹರಡಿ ಹಿಡಿದಿಡುತ್ತಾರೆ. ಔಷಧವನ್ನೂ ಪಾಲಿಮರನ್ನೂ ಒಟ್ಟಿಗೆ ಕರಗಿಸಿ ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುವುದು ಒಂದು ವಿಧಾನ. ಎರಡನ್ನೂ ಕಾಯಿಸಿ, ತಿರುಗುವ ಸ್ಕ್ರೂಗಳ ನಡುವೆ ನಾದಿ, ಎಳೆಯಾಗಿ ಹೊರತೆಗೆಯುವುದು ಇನ್ನೊಂದು.

ಈ ದಾರಿಯ ಮೊದಲ ಹೆಜ್ಜೆಯನ್ನು 1961ರಲ್ಲಿ ಜಪಾನಿನ ಸೆಕಿಗುಚಿ ಮತ್ತು ಒಬಿ ಇಟ್ಟರು. ಸಲ್ಫಾಥಯಜೋಲನ್ನು ಯೂರಿಯಾದ ಜೊತೆ ಕರಗಿಸಿ ಗಟ್ಟಿ ಮಾಡಿದಾಗ ಅದು ಹೆಚ್ಚು ಚೆನ್ನಾಗಿ ಹೀರಿಕೆಯಾಯಿತು. ಎಚ್‌ಐವಿಗೆ ಕೊಡುವ ಲೊಪಿನಾವಿರ್ ಮತ್ತು ರಿಟೊನಾವಿರ್ ಜೋಡಿ ಮೊದಲು ಫ್ರಿಜ್‌ನಲ್ಲಿ ಇಡಬೇಕಾದ ಮೆತ್ತನೆಯ ಕ್ಯಾಪ್ಸೂಲಾಗಿತ್ತು. 2005ರಲ್ಲಿ ಪಾಲಿಮರಿನಲ್ಲಿ ಹರಡಿದ ಗಟ್ಟಿ ಮಾತ್ರೆ ಬಂದ ಮೇಲೆ ಫ್ರಿಜ್ ಬೇಕಿಲ್ಲವಾಯಿತು, ದಿನಕ್ಕೆ ಆರು ಕ್ಯಾಪ್ಸೂಲಿನ ಬದಲು ನಾಲ್ಕು ಮಾತ್ರೆ ಸಾಕಾಯಿತು. ಕರೆಂಟು ಹೋದರೆ ದಿನಗಟ್ಟಲೆ ಬಾರದ ಮಲೆನಾಡಿನ ಹಳ್ಳಿಗಳಲ್ಲಿ ಇದರ ಬೆಲೆ ಏನೆಂದು ಬಲ್ಲವರು ಬಲ್ಲರು. ಹರಳಿನ ವಿಷಯದಲ್ಲಿ ಅಜಾಗ್ರತೆ ಏನು ಮಾಡಬಲ್ಲದು ಎಂಬುದಕ್ಕೂ ರಿಟೊನಾವಿರ್ ಔಷಧವೇ ಸಾಕ್ಷಿ. 1998ರಲ್ಲಿ ಅದರ ಕ್ಯಾಪ್ಸೂಲಿನೊಳಗೆ, ಅದುವರೆಗೆ ಯಾರೂ ಕಾಣದ, ಇನ್ನೂ ಕಡಿಮೆ ಕರಗುವ ಹೊಸ ಹರಳು ಮೂಡಿತು, ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದಲೇ ಹಿಂತೆಗೆಯಬೇಕಾಯಿತು.

ಎಣ್ಣೆಯಲ್ಲಿ ಕರಗುವ ಔಷಧವಾದರೆ ಮನೆಯಲ್ಲೇ ತೆಂಗಿನೆಣ್ಣೆಯಲ್ಲಿ ಕಲಸಿ ತಿನ್ನಬಹುದಲ್ಲವೇ?

ಆಲೋಚನೆಯ ದಿಕ್ಕು ಸರಿಯಾಗಿದೆ, ಆದರೆ ಹಾಗೆ ಮಾಡಬಾರದು. ಮೆತ್ತನೆಯ ಕ್ಯಾಪ್ಸೂಲಿನೊಳಗೆ ಔಷಧ ಎಣ್ಣೆಯಲ್ಲಿ ಮೊದಲೇ ಪೂರ್ತಿಯಾಗಿ ಕರಗಿರುತ್ತದೆ. ಎಣ್ಣೆಯ ಜೊತೆಗೆ, ಹೊಟ್ಟೆಯ ನೀರು ತಾಗಿದೊಡನೆ ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆಯುವ ವಸ್ತುಗಳನ್ನೂ ಅಳತೆಯಿಂದ ಸೇರಿಸಿರುತ್ತಾರೆ. ಸೈಕ್ಲೊಸ್ಪೊರಿನ್‌ನ ಹಳೆಯ ತಯಾರಿಕೆ ಪಿತ್ತರಸವನ್ನು ನೆಚ್ಚಿಕೊಂಡಿತ್ತು, ಆದ್ದರಿಂದ ಒಬ್ಬರಲ್ಲಿ ಒಂದು ಮಟ್ಟ, ಇನ್ನೊಬ್ಬರಲ್ಲಿ ಇನ್ನೊಂದು. ತಾನಾಗಿ ಸೂಕ್ಷ್ಮ ಹನಿಗಳಾಗುವ ಹೊಸ ತಯಾರಿಕೆ ಆ ಏರಿಳಿತವನ್ನು ತಗ್ಗಿಸಿತು. ಮಾತ್ರೆಯ ಪುಡಿಯನ್ನು ಎಣ್ಣೆಯಲ್ಲಿ ಕಲಸಿದರೆ ಔಷಧ ಎಣ್ಣೆಯೊಳಗೆ ಕರಗುವುದಿಲ್ಲ, ಅದರ ಮೇಲೆ ಎಣ್ಣೆಯ ಪದರ ಕೂತು ನೀರು ತಾಗುವುದು ಇನ್ನೂ ತಡವಾಗಬಹುದು.

ಒಂದು ಮಾತು ಹೇಳದೆ ಇರಲಾರೆ: ಇಂಥ ತಯಾರಿಕೆಗಳಲ್ಲಿ ಬಹಳವಾಗಿ ಬಳಸುವ ಮಧ್ಯಮ ಗಾತ್ರದ ಕೊಬ್ಬಿನಾಮ್ಲಗಳು ಬರುವುದು ತೆಂಗಿನೆಣ್ಣೆ ಮತ್ತು ತಾಳೆಬೀಜದ ಎಣ್ಣೆಯಿಂದಲೇ. ನಮ್ಮ ಕರಾವಳಿಯ ತೋಟದ ಬೆಳೆ ಔಷಧಶಾಸ್ತ್ರಕ್ಕೆ ಹೊರಗಿನದಲ್ಲ.

ಊಟದ ಜೊತೆ ತೆಗೆದುಕೊಳ್ಳಿ ಎಂದರೆ ಗಂಜಿ ಊಟವೂ ಸಾಕೇ?

ಇದು ನಮ್ಮ ಭಾಗದಲ್ಲಿ ಕೇಳಲೇಬೇಕಾದ ಪ್ರಶ್ನೆ, ಮತ್ತು ನನಗೆ ತಿಳಿದಂತೆ ಅತಿ ಹೆಚ್ಚು ಔಷಧ ವ್ಯರ್ಥವಾಗುವುದು ಇಲ್ಲಿಯೇ. ಜ್ವರ ಬಂದವರಿಗೆ, ಬಾಯಿರುಚಿ ಕೆಟ್ಟವರಿಗೆ, ಎಷ್ಟೋ ಮನೆಗಳಲ್ಲಿ ದಿನನಿತ್ಯದ ಬೆಳಗಿಗೂ, ಕುಚ್ಚಲಕ್ಕಿ ಗಂಜಿ ಮತ್ತು ಉಪ್ಪಿನಕಾಯಿಯೇ ಊಟ. ಹೊಟ್ಟೆ ತುಂಬುತ್ತದೆ, ದೇಹಕ್ಕೆ ಹಿತ, ಆದರೆ ಅದರಲ್ಲಿ ಜಿಡ್ಡು ಇಲ್ಲವೆಂದೇ ಹೇಳಬೇಕು. ಕರಗದ ಔಷಧಕ್ಕೆ ಊಟದಿಂದ ಸಿಗುವ ಸಹಾಯದ ಮುಖ್ಯ ಪಾಲು ಜಿಡ್ಡಿನಿಂದ ಬರುವಂಥದ್ದು. ಜಿಡ್ಡು ಸಣ್ಣ ಕರುಳಿಗೆ ಇಳಿದೊಡನೆ ಪಿತ್ತಕೋಶ ಸಂಕುಚಿಸಿ ಪಿತ್ತರಸ ಸುರಿಯುತ್ತದೆ. ಪಿತ್ತಲವಣಗಳು, ಜೀರ್ಣವಾಗುತ್ತಿರುವ ಕೊಬ್ಬು ಸೇರಿ ಸೂಕ್ಷ್ಮ ಗೋಲಗಳಾಗುತ್ತವೆ. ಎಣ್ಣೆಯ ಗುಣದ ಔಷಧ ಆ ಗೋಲಗಳೊಳಗೆ ಹೊಕ್ಕು ಕರುಳಿನ ಗೋಡೆಯವರೆಗೆ ಹೋಗುತ್ತದೆ. ಜೊತೆಗೆ ಜಠರ ನಿಧಾನವಾಗಿ ಬರಿದಾಗುವುದರಿಂದ ಕರಗಲು ಹೆಚ್ಚು ಸಮಯವೂ ಸಿಗುತ್ತದೆ.

ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಅಳೆದಿದ್ದಾರೆ. ಮಲೇರಿಯಾಕ್ಕೆ ಕೊಡುವ ಆರ್ಟಿಮೆಥರ್ ಮತ್ತು ಲುಮೆಫಾಂಟ್ರಿನ್ ಜೋಡಿಯಲ್ಲಿ, ಜಿಡ್ಡಿನ ಊಟದ ಜೊತೆ ಕೊಟ್ಟಾಗ ಲುಮೆಫಾಂಟ್ರಿನ್ ಹೀರಿಕೆ ಖಾಲಿ ಹೊಟ್ಟೆಗೆ ಹೋಲಿಸಿದರೆ 16 ಪಟ್ಟು ಏರುತ್ತದೆ. ಆಲ್ಬೆಂಡಜೋಲ್ ಕಥೆ ಇನ್ನೂ ಬೋಧಪ್ರದ. ಕರುಳಿನೊಳಗಿನ ಹುಳುವನ್ನು ಕೊಲ್ಲಲು ಆ ಔಷಧ ರಕ್ತಕ್ಕೆ ಹೋಗಬೇಕಾದ ಅಗತ್ಯವೇ ಇಲ್ಲ. ಆದರೆ ಅದೇ ಔಷಧವನ್ನು ಮೆದುಳಿನಲ್ಲಿ ಸೇರಿದ ಲಾಡಿಹುಳುವಿನ ಮರಿಕೋಶಗಳಿಗೆ ಕೊಡುವಾಗ, ಜಿಡ್ಡಿನ ಊಟದ ಜೊತೆಯಲ್ಲೇ ಕೊಡಬೇಕು, ಆಗ ರಕ್ತದಲ್ಲಿನ ಮಟ್ಟ ಸುಮಾರು ಐದು ಪಟ್ಟು ಹೆಚ್ಚುತ್ತದೆ.

ಇದರರ್ಥ ಮಾತ್ರೆಗಾಗಿ ಹಬ್ಬದೂಟ ಮಾಡಬೇಕೆಂದಲ್ಲ. ಗಂಜಿಗೆ ಒಂದು ಚಮಚ ತುಪ್ಪ ಹಾಕಿಕೊಂಡರೆ ಸುಮಾರು 5 ಗ್ರಾಂ ಜಿಡ್ಡು ಬಂತು. ಒಂದು ಲೋಟ ಎಮ್ಮೆಯ ಹಾಲಿನಲ್ಲಿ 12 ಗ್ರಾಂ ಆಸುಪಾಸು ಇರುತ್ತದೆ. ತೆಂಗಿನಕಾಯಿ ಅರೆದು ಮಾಡಿದ ಮೀನಿನ ಸಾರೋ, ಹುಳಿಯೋ ಇದ್ದರೆ ಬೇರೇನೂ ಬೇಡ. ಹೃದ್ರೋಗಕ್ಕಾಗಿ ಜಿಡ್ಡು ಬಿಟ್ಟವರು ಇದನ್ನು ತಮ್ಮ ವೈದ್ಯರ ಹತ್ತಿರ ಮಾತಾಡಿಯೇ ಮಾಡಬೇಕು. ವಿಟಮಿನ್ ಡಿ ವಾರಕ್ಕೊಮ್ಮೆ ನುಂಗುವವರು ಆ ವಾರದ ಒಳ್ಳೆಯ ಊಟವೊಂದನ್ನು ಅದಕ್ಕೆ ಗೊತ್ತುಮಾಡಿಕೊಂಡರೆ ಸಾಕು.

ಹಾಗಿದ್ದರೆ ಕರಗದ ಔಷಧಗಳನ್ನೆಲ್ಲ ಜಿಡ್ಡಿನ ಊಟದ ಜೊತೆಯೇ ತೆಗೆದುಕೊಳ್ಳಬೇಕೇ?

ಇಲ್ಲ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಹೀರಿಕೆ ಊಟದಿಂದ ಕಡಿಮೆಯಾಗುತ್ತದೆ, ಅದನ್ನು ಖಾಲಿ ಹೊಟ್ಟೆಯಲ್ಲೇ ನುಂಗಬೇಕು. ಎಚ್‌ಐವಿಗೆ ಕೊಡುವ ಎಫಾವಿರೆಂಜ್ ಜಿಡ್ಡಿನ ಜೊತೆ ಹೆಚ್ಚು ಹೀರಿಕೆಯಾಗುತ್ತದೆ, ಆದರೆ ಆಗ ತಲೆಸುತ್ತು, ಕೆಟ್ಟ ಕನಸಿನಂಥ ತೊಂದರೆಗಳೂ ಹೆಚ್ಚುವುದರಿಂದ ಖಾಲಿ ಹೊಟ್ಟೆಯಲ್ಲಿ, ಮಲಗುವ ಹೊತ್ತಿಗೆ ಕೊಡುತ್ತಾರೆ. ಇಟ್ರಾಕೊನಜೋಲ್ ಕ್ಯಾಪ್ಸೂಲು ಊಟದ ಜೊತೆಗೆ, ಅದರದೇ ದ್ರಾವಣ ಖಾಲಿ ಹೊಟ್ಟೆಗೆ. ಒಂದೇ ಔಷಧದ ಎರಡು ರೂಪಗಳಿಗೆ ವಿರುದ್ಧ ಸೂಚನೆ ಇರಬಹುದೆಂದು ಇದರಿಂದ ತಿಳಿಯುತ್ತದೆ.

ಹುಳುಕಡ್ಡಿಗೆ ತಿಂಗಳುಗಟ್ಟಲೆ ಕ್ಯಾಪ್ಸೂಲು ತಿಂದರೂ ಗುಣವಾಗುತ್ತಿಲ್ಲ. ಏಕೆ?

ಕಾರಣಗಳು ಹಲವು: ಮುಲಾಮಿನಲ್ಲಿ ಸ್ಟಿರಾಯ್ಡ್ ಬೆರೆತಿರುವುದು, ಅರ್ಧಕ್ಕೆ ಬಿಡುವುದು, ಮನೆಯವರಿಗೆಲ್ಲ ಇದ್ದು ಒಬ್ಬರಿಗೇ ಚಿಕಿತ್ಸೆಯಾಗುವುದು, ಶಿಲೀಂಧ್ರವೇ ಔಷಧಕ್ಕೆ ಬಗ್ಗದಿರುವುದು. ಆದರೆ ಹೀರಿಕೆಯ ಕಾರಣವನ್ನು ಯಾರೂ ವಿಚಾರಿಸುವುದಿಲ್ಲ. ನಸುಕಿನಲ್ಲಿ ಬೋಟಿಗೆ ಹೋಗುವವರು, ಇಡೀ ದಿನ ಒದ್ದೆ ಬಟ್ಟೆಯಲ್ಲಿರುವವರು ಈ ರೋಗಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ಅವರಲ್ಲಿ ಹಲವರು ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ಬೆಳಿಗ್ಗೆ ಬರಿ ಚಹಾದ ಜೊತೆ ನುಂಗುತ್ತಾರೆ, ಅದರ ಜೊತೆಗೇ ಗ್ಯಾಸ್ಟ್ರಿಕ್ ಮಾತ್ರೆಯೆಂದು ಪ್ಯಾಂಟೊಪ್ರಜೋಲನ್ನೂ ನುಂಗುತ್ತಾರೆ. ಇಟ್ರಾಕೊನಜೋಲ್ ಕರಗುವುದು ಜಠರದ ಆಮ್ಲದಲ್ಲಿ ಮಾತ್ರ. ಪ್ಯಾಂಟೊಪ್ರಜೋಲಿನಂತೆಯೇ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಜೊತೆಗೆ ಕೊಟ್ಟು ನೋಡಿದ ಅಧ್ಯಯನದಲ್ಲಿ ಅದರ ಹೀರಿಕೆ ಸುಮಾರು ಮೂರನೇ ಎರಡು ಭಾಗದಷ್ಟು ಇಳಿದಿತ್ತು. ಊಟವಿಲ್ಲ, ಆಮ್ಲವೂ ಇಲ್ಲ ಎಂದಾದ ಮೇಲೆ ದುಬಾರಿ ಕ್ಯಾಪ್ಸೂಲಿನ ಹೆಚ್ಚಿನ ಪಾಲು ಹೊರಗೇ ಹೋಯಿತೆಂದು ತಿಳಿಯಬೇಕು.

ಈ ಕ್ಯಾಪ್ಸೂಲನ್ನು ಬಿಡಿಸಿ ನೋಡಿದರೆ ಒಳಗೆ ಸಾಸಿವೆಯಂಥ ಬಿಳಿ ಕಾಳುಗಳು ಕಾಣುತ್ತವೆ. ಅವು ಸಕ್ಕರೆಯ ಗುಂಡುಗಳು. ಅವುಗಳ ಮೇಲೆ ಔಷಧ ಮತ್ತು ಪಾಲಿಮರಿನ ಹರಳಿಲ್ಲದ ಪದರವನ್ನು ಸಿಂಪಡಿಸಿ ಕೂರಿಸಿರುತ್ತಾರೆ. ಈಚೆಗೆ ಬಂದಿರುವ ಸೂಬಾ ಎಂಬ ರೂಪದಲ್ಲಿ ಕರುಳಿನಲ್ಲಿ ಬಿಡಿಸಿಕೊಳ್ಳುವ ಬೇರೆ ಪಾಲಿಮರ್ ಇರುವುದರಿಂದ ಅದು ಆಮ್ಲವನ್ನೂ ಊಟವನ್ನೂ ಅಷ್ಟಾಗಿ ನೆಚ್ಚಿಲ್ಲ. ಹಿಂದೆ 100 ಮಿ.ಗ್ರಾಂ. ಕೊಡುತ್ತಿದ್ದವರು ಈಗ 65 ಅಥವಾ 50 ಕೊಟ್ಟು ಡೋಸ್ ಇಳಿಸಿದರು ಎಂದು ಕೆಲವರು ಕಳವಳಪಡುತ್ತಾರೆ. ಹೆಚ್ಚು ಹೀರಿಕೆಯಾಗುವುದರಿಂದಲೇ ಅಂಕಿ ಚಿಕ್ಕದಾಗಿದೆ. ಹಾಗೆಂದು ಒಂದರ ಬದಲು ಇನ್ನೊಂದನ್ನು ತಾವೇ ಲೆಕ್ಕ ಹಾಕಿ ತೆಗೆದುಕೊಳ್ಳಬಾರದು.

ಆಮ್ಲ ಬೇಕೆಂದರೆ ಮುರುಗಲು ಪಾನಕದ ಜೊತೆ ನುಂಗಬಹುದೇ ಎಂದು ಕುಮಟಾ, ಹೊನ್ನಾವರದ ಕಡೆಯವರು ಕೇಳುವುದುಂಟು. ಆಮ್ಲ ಕಡಿಮೆಯಿರುವ ರೋಗಿಗಳಿಗೆ ಸಹಾಯವಾಗುತ್ತದೆಂದು ತೋರಿಸಿರುವುದು ಕೋಲಾ ಪಾನೀಯದ ಜೊತೆ, ಅದರ ಪಿಎಚ್ ಸುಮಾರು 2.5. ಮುರುಗಲು ಪಾನಕದ ಹುಳಿ ಮನೆಯಿಂದ ಮನೆಗೆ ಬೇರೆ. ಅದನ್ನು ಬಾಯಾರಿಕೆಗೆ ಕುಡಿಯೋಣ. ಔಷಧಕ್ಕೆ, ವೈದ್ಯರನ್ನು ಕೇಳಿ ಗ್ಯಾಸ್ಟ್ರಿಕ್ ಮಾತ್ರೆ ನಿಜವಾಗಿ ಬೇಕೇ ಎಂದು ತೀರ್ಮಾನಿಸುವುದೇ ಸರಿಯಾದ ಕ್ರಮ.

ಕಾಳುಮೆಣಸು ಔಷಧದ ಹೀರಿಕೆ ಹೆಚ್ಚಿಸುತ್ತದೆ ಎನ್ನುತ್ತಾರೆ. ನಿಜವೇ?

ನಿಜವಿದೆ, ಆದರೆ ಹೇಳುವಷ್ಟು ಸರಳವಾಗಿಲ್ಲ. ಈ ಸಂಗತಿಯ ಹೆಸರಾಂತ ಪ್ರಯೋಗ ನಡೆದದ್ದು ನಮ್ಮದೇ ರಾಜ್ಯದಲ್ಲಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿಶಿನದ ಕುರ್ಕುಮಿನ್ 2 ಗ್ರಾಂ ಜೊತೆಗೆ ಕಾಳುಮೆಣಸಿನ ಪಿಪರಿನ್ 20 ಮಿ.ಗ್ರಾಂ. ಕೊಟ್ಟಾಗ ಮನುಷ್ಯರಲ್ಲಿ ಕುರ್ಕುಮಿನ್ ಲಭ್ಯತೆ ಶೇ. 2000ದಷ್ಟು ಏರಿತು. ಅಂಕಿ ಅಷ್ಟು ದೊಡ್ಡದಾಗಿ ಕಂಡದ್ದು, ಪಿಪರಿನ್ ಇಲ್ಲದಾಗ ಕುರ್ಕುಮಿನ್ ರಕ್ತದಲ್ಲಿ ಸಿಗುತ್ತಿದ್ದುದೇ ಅತ್ಯಲ್ಪವಾಗಿದ್ದುದರಿಂದ. ಅರಿಶಿನದ ಪುಡಿಯಲ್ಲಿ ಕುರ್ಕುಮಿನ್ ಶೇ. 3ರ ಆಸುಪಾಸು ಇರುವುದರಿಂದ 2 ಗ್ರಾಂ ಕುರ್ಕುಮಿನ್‌ಗೆ 60 ಗ್ರಾಂಗೂ ಹೆಚ್ಚು ಅರಿಶಿನ ಬೇಕು. ಯಾರೂ ಒಂದು ದಿನಕ್ಕೆ ಅಷ್ಟು ತಿನ್ನುವುದಿಲ್ಲ, ತಿನ್ನಲೂಬಾರದು.

ಪಿಪರಿನ್ ಕುರ್ಕುಮಿನನ್ನು ಕರಗಿಸಿದ್ದಲ್ಲ ಎಂಬುದು ಮುಖ್ಯ ವಿಷಯ. ಕರುಳಿನ ಗೋಡೆ ಮತ್ತು ಯಕೃತ್ತು ಹೊರಗಿನ ವಸ್ತುಗಳಿಗೆ ಇನ್ನೊಂದು ಅಣುವನ್ನು ಜೋಡಿಸಿ ಹೊರದಬ್ಬುವ ಕೆಲಸವನ್ನು ಪಿಪರಿನ್ ತಡೆಯಿತು. ಆ ತಡೆ ಕುರ್ಕುಮಿನ್‌ಗೆ ಮಾತ್ರ ಮೀಸಲಲ್ಲ. ಫೆನಿಟೊಯಿನ್, ಪ್ರೊಪ್ರನೊಲೋಲ್, ಥಿಯೊಫಿಲಿನ್ ಔಷಧಗಳ ಮಟ್ಟವೂ ಪಿಪರಿನ್ ಜೊತೆ ಏರಿದ್ದನ್ನು ಭಾರತದ ಅಧ್ಯಯನಗಳು ತೋರಿಸಿವೆ. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಶುಂಠಿ, ಕಾಳುಮೆಣಸು, ಹಿಪ್ಪಲಿ ಸೇರಿದ ತ್ರಿಕಟುವಿನ ಬೆನ್ನು ಹತ್ತಿ ಈ ಗುಣವನ್ನು ಗುರುತಿಸಿದರು; ಕ್ಷಯರೋಗದ ರಿಫಾಂಪಿಸಿನ್ ಪ್ರಮಾಣವನ್ನು 450ರಿಂದ 200 ಮಿ.ಗ್ರಾಂ.ಗೆ ಇಳಿಸಿ ಪಿಪರಿನ್ ಬೆರೆಸಿದ ತಯಾರಿಕೆಯೂ ನಮ್ಮ ದೇಶದಲ್ಲಿ ಬಂತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಸೀಮೆಯವರು ನಾವು, ಈ ಕಾಳಿನ ಮೇಲೆ ಅಭಿಮಾನ ಇರುವುದು ಸಹಜ. ಸಾರಿಗೆ, ಕಷಾಯಕ್ಕೆ ಹಾಕುವ ನಾಲ್ಕಾರು ಕಾಳಿಗೆ ಹೆದರಬೇಕಿಲ್ಲ. ಆದರೆ ಪಿಪರಿನ್ ಸತ್ವ ತುಂಬಿದ ಕ್ಯಾಪ್ಸೂಲನ್ನು ಮೂರ್ಛೆರೋಗದ, ರಕ್ತ ತೆಳುವಾಗಿಸುವ, ಕಸಿಯ ಔಷಧಗಳ ಜೊತೆ ಹೇಳದೆ ಕೇಳದೆ ಸೇರಿಸಿಕೊಳ್ಳುವುದು ಅಪಾಯ.

ಚಕ್ಕೋತದ ವಿಷಯದಲ್ಲೂ ಇದೇ ಎಚ್ಚರ ಬೇಕೇ?

ಬೇಕು. ಗ್ರೇಪ್‌ಫ್ರೂಟ್ ಜಾತಿಗೆ ಹತ್ತಿರದ ಈ ಹಣ್ಣಿನಲ್ಲಿರುವ ಫ್ಯುರಾನೊಕೌಮರಿನ್‌ಗಳು ಕರುಳಿನ ಗೋಡೆಯಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ತಡೆಯುತ್ತವೆ. ಕಸಿಯ ನಂತರ ಕೊಡುವ ಸೈಕ್ಲೊಸ್ಪೊರಿನ್, ಟ್ಯಾಕ್ರೊಲಿಮಸ್, ಕೊಬ್ಬಿನಂಶ ಇಳಿಸುವ ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರು ಚಕ್ಕೋತ ಬಿಡುವುದು ಒಳ್ಳೆಯದು.

ಮಳೆಗಾಲದಲ್ಲಿ ಮಾತ್ರೆಗಳನ್ನು ಹೇಗೆ ಇಡಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದ ಗಾಳಿಯಲ್ಲಿ ತೇವಾಂಶ ಶೇ. 90 ದಾಟುವ ದಿನಗಳು ಎಷ್ಟೋ. ಭಾರತದಂಥ ಬಿಸಿ ಮತ್ತು ತೇವದ ದೇಶಗಳಿಗಾಗಿ ಔಷಧಗಳ ಬಾಳಿಕೆಯನ್ನು 30 ಡಿಗ್ರಿ ಸೆಲ್ಸಿಯಸ್ ಮತ್ತು ಗೊತ್ತುಮಾಡಿದ ತೇವಾಂಶದಲ್ಲಿ ಪರೀಕ್ಷಿಸುತ್ತಾರೆ, ಅದೂ ಔಷಧ ತನ್ನ ಮೂಲ ಸ್ಟ್ರಿಪ್ಪಿನೊಳಗೆ ಇರುವಾಗ. ಸ್ಟ್ರಿಪ್ ಹರಿದು, ಒಂದು ವಾರದ ಮಾತ್ರೆಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ಸುರಿದಿಟ್ಟರೆ ಆ ಪರೀಕ್ಷೆಯ ಭರವಸೆ ಅಲ್ಲಿಗೆ ಮುಗಿಯಿತು.

ಟೆಲ್ಮಿಸಾರ್ಟನ್ ಮಾತ್ರೆಯನ್ನು ನುಂಗುವ ಗಳಿಗೆಯವರೆಗೆ ಸ್ಟ್ರಿಪ್ಪಿನಿಂದ ತೆಗೆಯಬಾರದೆಂದು ತಯಾರಕರೇ ಬರೆದಿರುತ್ತಾರೆ. ಕಾರಣ ಮೇಲೆ ಹೇಳಿದ ಕ್ಷಾರಗಳು. ಔಷಧವನ್ನು ಕರಗಿಸಲೆಂದು ಸೇರಿಸಿದ ಅವೇ ಗಾಳಿಯ ನೀರನ್ನು ಎಳೆದುಕೊಳ್ಳುತ್ತವೆ. ಜುಲೈ ತಿಂಗಳಲ್ಲಿ ಹೀಗೆ ಹೊರಗಿಟ್ಟ ಮಾತ್ರೆಯನ್ನು ಬೆರಳಿನಲ್ಲಿ ಹಿಡಿದರೆ ಗೊತ್ತಾಗುತ್ತದೆ: ಅಂಚು ಮೆತ್ತಗಾಗಿ, ಮೈ ಉಬ್ಬಿ ತರಿತರಿಯಾಗಿ, ಬೆರಳಿಗೆ ಅಂಟುತ್ತದೆ. ಕಾರ್ಬಮಜೆಪಿನ್ ಹಾಗಲ್ಲ, ಅದು ಹೊರಗೆ ಏನೂ ತೋರಿಸದೆ ಒಳಗೇ ಗಟ್ಟಿಯಾಗುತ್ತದೆ. ತೇವ ಹೀರಿಕೊಂಡು ನೀರು ಸೇರಿದ ಹರಳಾಗುವುದರಿಂದ ಅದು ಕರಗುವುದು ಕಡಿಮೆಯಾಗುತ್ತದೆ. ತೇವದ ಜಾಗದಲ್ಲಿಟ್ಟ ಈ ಮಾತ್ರೆ ತನ್ನ ಪರಿಣಾಮದಲ್ಲಿ ಮೂರನೇ ಒಂದು ಭಾಗ ಅಥವಾ ಇನ್ನೂ ಹೆಚ್ಚನ್ನು ಕಳೆದುಕೊಳ್ಳಬಹುದೆಂದು 1990ರಲ್ಲಿಯೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತ್ತು. ನಿಯಮಿತವಾಗಿ ಮಾತ್ರೆ ತಿಂದರೂ ಮಳೆಗಾಲದಲ್ಲಿ ಮೂರ್ಛೆ ಮರುಕಳಿಸಿದರೆ, ಮಾತ್ರೆ ಎಲ್ಲಿ ಇಟ್ಟಿದ್ದೀರಿ ಎಂದು ಕೇಳುವುದು ನನ್ನ ಮೊದಲ ಪ್ರಶ್ನೆ. ಹರಳಿಲ್ಲದ ರೂಪದ ಔಷಧಗಳಿಗೂ ತೇವವೇ ಶತ್ರು, ನೀರು ಹೊಕ್ಕಷ್ಟೂ ಪಾಲಿಮರಿನ ಹಿಡಿತ ಸಡಿಲವಾಗುತ್ತದೆ.

ಮಾತ್ರೆಗಳನ್ನು ಸ್ಟ್ರಿಪ್ಪಿನಲ್ಲೇ ಬಿಡಿ, ಸ್ಟ್ರಿಪ್ಪನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬಚ್ಚಲಿನ ಗೋಡೆಗೆ ಹೊಂದಿದ ಕಪಾಟು, ಒಲೆಯ ಪಕ್ಕ, ಕಿಟಕಿಯ ದಂಡೆ ಬೇಡ. ಸೂಚನೆ ಇಲ್ಲದೆ ಫ್ರಿಜ್ ಕೂಡ ಬೇಡ, ಹೊರಗೆ ತೆಗೆದಾಗಲೆಲ್ಲ ಮಂಜಿನ ಹನಿ ಕೂಡುತ್ತದೆ. ದಿನ ಮರೆಯುವ ಹಿರಿಯರಿಗೆ ವಾರದ ಡಬ್ಬಿ ಬೇಕೇ ಬೇಕೆಂದರೆ, ಸ್ಟ್ರಿಪ್ಪನ್ನು ಕತ್ತರಿಯಿಂದ ಒಂದೊಂದು ಮಾತ್ರೆಯಾಗಿ ಕತ್ತರಿಸಿ, ಹಾಳೆಯ ಸಮೇತ ಹಾಕಿಡಬಹುದು.

ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಬರೆದುಕೊಟ್ಟ ಬ್ರ್ಯಾಂಡ್ ನಮ್ಮೂರಲ್ಲಿ ಸಿಗುವುದಿಲ್ಲ. ಬೇರೆ ಬ್ರ್ಯಾಂಡ್ ಅಥವಾ ಜೆನೆರಿಕ್ ತೆಗೆದುಕೊಳ್ಳಬಹುದೇ?

ಹೆಚ್ಚಿನ ಔಷಧಗಳಿಗೆ ಧಾರಾಳವಾಗಿ. ಜನೌಷಧಿ ಕೇಂದ್ರದ ಮಾತ್ರೆ ಅಗ್ಗವೆಂಬ ಕಾರಣಕ್ಕೆ ಅನುಮಾನ ಬೇಡ. ಎರಡು ಮತ್ತು ನಾಲ್ಕನೆಯ ವರ್ಗದ ಔಷಧಗಳ ಹೊಸ ಜೆನೆರಿಕ್‌ಗಳಿಗೆ, ರಕ್ತದಲ್ಲಿ ಮೂಲ ಔಷಧದಷ್ಟೇ ಸಿಗುತ್ತದೆ ಎಂದು ಮನುಷ್ಯರ ಮೇಲಿನ ಪರೀಕ್ಷೆಯಿಂದ ತೋರಿಸುವುದನ್ನು ಭಾರತ ಸರ್ಕಾರ 2017ರ ತಿದ್ದುಪಡಿಯಲ್ಲಿ ಕಡ್ಡಾಯ ಮಾಡಿತು. ಆ ಹೋಲಿಕೆಯ ವಿಶ್ವಾಸ ಮಿತಿ, ಎಂದರೆ ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ, ಪೂರ್ತಿಯಾಗಿ ಶೇ. 80ರಿಂದ 125ರ ನಡುವೆ ಇರಬೇಕು.

ಆದರೆ ಫೆನಿಟೊಯಿನ್, ಕಾರ್ಬಮಜೆಪಿನ್, ಸೈಕ್ಲೊಸ್ಪೊರಿನ್, ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವವರು ಒಂದೇ ತಯಾರಿಕೆಗೆ ಅಂಟಿಕೊಳ್ಳಬೇಕು, ಬದಲಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ ಬದಲಿಸಬೇಕು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 1968ರ ಹೊತ್ತಿಗೆ ಫೆನಿಟೊಯಿನ್ ಕ್ಯಾಪ್ಸೂಲಿನ ಔಷಧ ಅಷ್ಟೇ ಇತ್ತು, ಜೊತೆಗೆ ತುಂಬುವ ಕ್ಯಾಲ್ಸಿಯಂ ಸಲ್ಫೇಟ್ ಬದಲು ಲ್ಯಾಕ್ಟೋಸ್ ಹಾಕಿದ್ದರು, ಅಷ್ಟಕ್ಕೇ ಹೀರಿಕೆ ಹೆಚ್ಚಿ ಅನೇಕ ರೋಗಿಗಳು ವಿಷಲಕ್ಷಣಗಳಿಂದ ಆಸ್ಪತ್ರೆ ಸೇರಿದರು. ಊರು ಬಿಟ್ಟು ಹೊರಡುವ ಮೊದಲೇ ಎರಡು ತಿಂಗಳಿಗೆ ಆಗುವಷ್ಟು ತಂದಿಟ್ಟುಕೊಳ್ಳುವುದು, ಅಥವಾ ಇಲ್ಲಿನ ಅಂಗಡಿಯವರಿಗೆ ಒಂದು ವಾರ ಮೊದಲೇ ಹೇಳಿ ತರಿಸುವುದು ಕಷ್ಟದ ಮಾತಲ್ಲ. ಘಟ್ಟದ ರಸ್ತೆ ಕುಸಿದು ಬಂದಾಗುವ ತಿಂಗಳುಗಳಲ್ಲಿ ಇದನ್ನು ಮರೆಯಬಾರದು.

ನುಂಗಲಾಗದವರಿಗೆ ಮಾತ್ರೆ ಪುಡಿ ಮಾಡಿ ಕೊಡಬಹುದೇ?

ಕೇಳಿಯೇ ಕೊಡಬೇಕು. ಪುಡಿ ಮಾಡಿದರೆ ಬೇಗ ಕರಗುತ್ತದೆ ಎಂಬುದು ಸಾದಾ ಮಾತ್ರೆಗೆ ಸರಿ, ಆದರೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ಹೋಗುತ್ತದೆ. ಶಿಲೀಂಧ್ರಕ್ಕೆ ಕೊಡುವ ಪೊಸಕೊನಜೋಲ್ ಮಾತ್ರೆಯಂಥ, ಕರುಳಿನಲ್ಲೇ ಬಿಡಿಸಿಕೊಳ್ಳಲೆಂದು ಪಾಲಿಮರಿನಲ್ಲಿ ಕಟ್ಟಿದ ಔಷಧವನ್ನು ಪುಡಿ ಮಾಡಿದರೆ ಆ ಕಟ್ಟೋಣವೇ ಕೆಡುತ್ತದೆ. ಮೂಗಿನ ನಳಿಕೆಯಿಂದ ಆಹಾರ ಪಡೆಯುವ ರೋಗಿಗೆ ಫೆನಿಟೊಯಿನ್ ಕೊಡುವಾಗ ಆಹಾರದ ಜೊತೆ ಸೇರಿಸಿದರೆ ಹೀರಿಕೆ ಇಳಿಯುತ್ತದೆ, ನಡುವೆ ಬಿಡುವು ಕೊಡಬೇಕು.

ಮಾತ್ರೆಯ ಜೊತೆ ಎಷ್ಟು ನೀರು ಕುಡಿಯಬೇಕು?

ಒಂದು ಪೂರ್ತಿ ಲೋಟ. ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸುವಾಗ ಕೊಡುವುದು ಸುಮಾರು 240 ಮಿ.ಲೀ. ನೀರು. ಒಂದು ಗುಟುಕಿನಲ್ಲಿ ನುಂಗಿ ಮಲಗಿದರೆ ಕರಗಲು ಬೇಕಾದ ದ್ರವವೂ ಇಲ್ಲ, ಮಾತ್ರೆ ಅನ್ನನಾಳದಲ್ಲೇ ಅಂಟಿ ಹುಣ್ಣಾಗಲೂಬಹುದು.

ನಾನು ನುಂಗುವ ಔಷಧ ಈ ಗುಂಪಿನದೇ ಎಂದು ತಿಳಿಯುವುದು ಹೇಗೆ?

ಡಬ್ಬಿಯೊಳಗಿನ ಮಡಿಸಿದ ಕಾಗದದಲ್ಲಿ ಊಟದ ಜೊತೆ, ಜಿಡ್ಡಿನ ಊಟದ ಜೊತೆ, ಆಮ್ಲ ತಗ್ಗಿಸುವ ಔಷಧದೊಡನೆ ಬೇಡ, ಸ್ಟ್ರಿಪ್ಪಿನಿಂದ ತೆಗೆಯಬೇಡಿ ಎಂಬ ಮಾತುಗಳಲ್ಲಿ ಯಾವುದಾದರೂ ಇದ್ದರೆ, ಕರಗಿಸುವ ತೊಡಕು ಅದರ ಹಿಂದಿರುವ ಸಾಧ್ಯತೆ ಹೆಚ್ಚು. ಕಾಗದ ಓದಲಾಗದಿದ್ದರೆ ಅಂಗಡಿಗೆ ಬರುವಾಗ ಬರಿ ಚೀಟಿಯನ್ನಲ್ಲ, ಮನೆಯಲ್ಲಿ ನಿತ್ಯ ನುಂಗುವ ಎಲ್ಲ ಸ್ಟ್ರಿಪ್ಪುಗಳನ್ನೂ ತನ್ನಿ, ಗ್ಯಾಸ್ಟ್ರಿಕ್ ಮಾತ್ರೆ, ಅರಿಶಿನ ಮತ್ತು ಪಿಪರಿನ್ ಕ್ಯಾಪ್ಸೂಲು, ಆಯುರ್ವೇದದ ಲೇಹ್ಯ ಎಲ್ಲ ಸೇರಿ. ಬೆಳಿಗ್ಗೆ ಏನು ತಿನ್ನುತ್ತೀರಿ, ಎಷ್ಟು ಹೊತ್ತಿಗೆ ಕೆಲಸಕ್ಕೆ ಹೊರಡುತ್ತೀರಿ, ಮಾತ್ರೆ ಎಲ್ಲಿಡುತ್ತೀರಿ ಎಂದು ಹೇಳಿ. ಇಷ್ಟು ಗೊತ್ತಾದರೆ ಯಾವ ಮಾತ್ರೆ ಯಾವ ಊಟದ ಪಕ್ಕಕ್ಕೆ ಬರಬೇಕೆಂದು ಫಾರ್ಮಾಸಿಸ್ಟ್ ಬರೆದುಕೊಡಬಲ್ಲರು. ಡೋಸ್ ಬದಲಾಗಬೇಕಾದಲ್ಲಿ ವೈದ್ಯರಿಗೆ ಒಂದು ಫೋನು ಮಾಡಿ ವಿಚಾರಿಸಲೂಬಲ್ಲರು.